ಮೂರನೇ ಲೇತಿನ ಪಿನ್ನುಗಳು

ಜೋಗೇಶ್ವರಿಯ ನಮ್ಮ ಶೆಡ್ಡಿನಲ್ಲಿ ಮೂರು ಲೇತುಗಳಿದ್ದವು. ಮೂರರಲ್ಲೂ ಒಂದೇ ಅಳತೆಯ ಉಕ್ಕಿನ ಪಿನ್ನು ತೆಗೆಯುತ್ತಿದ್ದೆವು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೂ ಯಾವ ಲೇತಿಗೆ ಏನಾಗಿದೆ ಎಂದು ಸೇಠರು ಹದಿನೈದು ವರ್ಷ ನನ್ನನ್ನೇ ಕೇಳಿದ್ದರು. ತೊಂಬತ್ತನೇ ಇಸವಿಯ ಆಚೀಚೆ ಬೆಂಗಳೂರು ಕಡೆಯ ಇಂಜಿನಿಯರೊಬ್ಬ ಬಂದ, ಪವಾಯಿಯ ದೊಡ್ಡ ಕಾಲೇಜಿನಲ್ಲಿ ಓದಿದವನು. ಅವನ ಜೊತೆ ಕಂಪ್ಯೂಟರೂ ಬಂತು. ಆಮೇಲೆ ಸೇಠರು ಕ್ಯಾಬಿನ್ನಿನಲ್ಲಿ ಅವನ ಕುರ್ಚಿಯ ಹಿಂದೆ ಕೈಕಟ್ಟಿ ನಿಲ್ಲತೊಡಗಿದರು. ನನ್ನ ಹಿಂದೆ ಎಂದೂ ಹಾಗೆ ನಿಂತವರಲ್ಲ. ಗಾಜಿನಾಚೆಯಿಂದ ಅದನ್ನು ನೋಡಿ ನನಗೆ ಊಟ ಸೇರುತ್ತಿರಲಿಲ್ಲ.

ಒಮ್ಮೆ ಗಿರಾಕಿ ಒಂದು ಪೆಟ್ಟಿಗೆ ಪಿನ್ನು ದಪ್ಪವಾಗಿವೆ ಎಂದು ವಾಪಸು ಕಳಿಸಿದ. ಉಕ್ಕೇ ಸರಿ ಇಲ್ಲ ಎಂದೆ ನಾನು. ಮೂರನೇ ಲೇತನ್ನು ಕುರ್ಲಾದ ಹಳೇ ಮಾಲಿನ ಗೋದಾಮಿನಿಂದ ತಂದು ರಿಪೇರಿ ಮಾಡಿ ನಿಲ್ಲಿಸಿದವನು ನಾನೇ. ಅದರ ಮೇಲೆ ಸಂಶಯ ಬಂದರೆ ನನ್ನ ಮೇಲೆ ಬಂದ ಹಾಗೆ.

“ಊಹೆ ಯಾಕೆ? ಒಂದೊಂದು ಲೇತಿನಿಂದ ಮೂವತ್ತು ಪಿನ್ನು ಕೊಡಿ, ಸ್ಪ್ರೆಡ್‌ಶೀಟಲ್ಲಿ ಅನೋವಾ ಮಾಡ್ತೀನಿ” ಎಂದ ಇಂಜಿನಿಯರು. ಒಂದೇ ಲೇತಿನ ಪಿನ್ನುಗಳಲ್ಲಿ ಇರುವ ಫರಕಿಗಿಂತ ಲೇತು ಲೇತಿನ ನಡುವಿನ ಫರಕು ಬಹಳ ಹೆಚ್ಚಿದ್ದರೆ, ತಪ್ಪು ಲೇತಿನದಂತೆ.

ಕೊಟ್ಟೆ. ಆಫೀಸಿಗೆ ಹೋಗುವ ನಮೂನೆ ಮಾಲನ್ನು ಬೆರಳಲ್ಲಿ ಹೊರಳಿಸಿ, ಅನುಮಾನ ಬಂದದ್ದನ್ನು ರದ್ದಿ ಡಬ್ಬಿಗೆ ಎಸೆಯುವುದು ನನ್ನ ರೂಢಿ. ಅಂದೂ ಹಾಗೇ ಮಾಡಿದೆ. ಮೋಸವೆಂದು ಮಾಡಿದ್ದಲ್ಲ.

ಮೂರೂ ಲೇತು ಒಂದೇ ಸಮ ಎಂದಿತು ಕಂಪ್ಯೂಟರು. ಗೆದ್ದ ಖುಷಿಗೆ ನಾನು ಎರಡು ಕಟಿಂಗ್ ಚಹಾ ಕುಡಿದೆ. ಮಧ್ಯಾಹ್ನ ಅವನು ಟ್ರೇ ಹಿಡಿದು ನನ್ನ ಹತ್ತಿರ ಬಂದ.

“ಮಿಸ್ತ್ರಿಗಳೇ, ಇವನ್ನ ಆರಿಸಿ ಕೊಟ್ರಾ?”

“ಆರಿಸದ ಕೊಡಾಕ ನಾ ಏನ್ ಗುಜರಿ ಮಾಲು ಮಾರಾಂವೇನು?”

ನಕ್ಕುಬಿಟ್ಟ. “ಅದಕ್ಕೇ! ಎಲ್ಲಾ ಅಚ್ಚು ಹೊಡೆದ ಹಾಗಿವೆ. ಯಾವ ಲೇತೂ ಇಷ್ಟು ಸಮ ತೆಗೆಯಲ್ಲ. ಮೈಕ್ರೋಮೀಟರ್ ಹಿಡಿದ್ರಾ?”

“ಬಳ್ಳಿಲೇ ನೋಡೇನಿ.”

“ಬರೀ ಬೆರಳಿನಲ್ಲೇ!” ಎಂದು ಕಣ್ಣರಳಿಸಿದ. ನನ್ನ ಕೈಯ ಗುಟ್ಟನ್ನು ಅವನು ಕುಳಿತಲ್ಲೇ, ಬರೀ ಅಂಕಿ ನೋಡಿ ಹಿಡಿದಿದ್ದ. ಅವನು ಹೊಗಳುವ ಬದಲು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎರಡನೇ ಸಲ ಲೇತುಗಳ ಕೆಳಗಿನ ಬುಟ್ಟಿಗಳಿಂದ ಪಿನ್ನನ್ನು ಅವನೇ ಬಾಚಿಕೊಂಡ. ಮೂರನೇ ಲೇತಿನವು ಬೇರೆಯೇ ನಿಂತವು, ದಪ್ಪ. “ಇಷ್ಟು ದಿನ ನೀನು ಆರಿಸಿ ಆರಿಸಿ ಇದನ್ನ ಮುಚ್ಚಿಟ್ಟೆಯಲ್ಲ ಮಿಸ್ತ್ರಿ” ಎಂದು ಸೇಠರು ಎಲ್ಲರೆದುರು ಅಂದರು. ಲೇತಿಗೆ ಏನಾಗಿದೆ ಎಂದು ಕೇಳಿದ್ದೂ ಇಂಜಿನಿಯರನ್ನೇ.

“ಅದು ನನಗೆ ಗೊತ್ತಾಗಲ್ಲ ಸೇಠ್. ಮಿಸ್ತ್ರಿಗಳಿಗೇ ಗೊತ್ತು” ಎಂದ ಅವನು.

ನನಗೆ ಬರಬೇಕಾದ ಮಾತು ಅವನ ಕೈಯಿಂದ ಭಿಕ್ಷೆಯ ಹಾಗೆ ಬಂತು. ಲೇತು ಬಿಚ್ಚಿದೆ. ಟೂಲು ಕೂರುವ ಸ್ಲೈಡು ಸವೆದು ಹಿಂದಕ್ಕೆ ಸರಿಯುತ್ತಿತ್ತು, ಅದಕ್ಕೇ ಪಿನ್ನು ದಪ್ಪ. ಅವನು ಪಕ್ಕದಲ್ಲಿ ಬಗ್ಗಿ, “ಎಲ್ಲಿ, ನನಗೂ ತೋರಿಸಿ” ಎಂದ. ದೀಪ ನನ್ನ ಕೈಯಲ್ಲೇ ಇತ್ತು. ಅವನ ಕಡೆ ತಿರುಗಿಸಲಿಲ್ಲ.