ಕ್ಯಾಮೆರಾಕ್ಕೆ ಬಳಿದ ವಿಭೂತಿ

ಸ್ಕೂಟಿಯ ಹೆಂಗಸೇ ದಿಢೀರನೆ ನುಗ್ಗಿದಳೆಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮಂಚ, ಒಲೆ ಎಲ್ಲ ಇರುವ, ಬಸ್ಸಿನಷ್ಟು ಉದ್ದದ ಆ ಹೊಸ ಗಾಡಿಯನ್ನು ಓಡಿಸುತ್ತಿದ್ದ ದೊಡ್ಡಪ್ಪನ ಪಕ್ಕ ನಾನೇ ಕೂತಿದ್ದೆ. ದಾವಣಗೆರೆಯಲ್ಲಿ ಪೂಜೆ ಮಾಡುವಾಗ ಎಡಗನ್ನಡಿಗೆ ದಪ್ಪ ಹಾರ ಸುತ್ತಿ, ಅದರ ಕೆಳಗಿನ ಕ್ಯಾಮೆರಾಕ್ಕೆ ವಿಭೂತಿ ಬಳಿದಿದ್ದರು. ಒಳಗಿನ ಪರದೆಯಲ್ಲಿ ಬರೀ ಬಿಳುಪು ಕಾಣುತ್ತಿತ್ತು. ಹರಿಹರದಲ್ಲಿ ಎಡಕ್ಕೆ ತಿರುಗಿದಾಗ ಗಾಡಿ ತಾಗಿ ಆಕೆಯ ಕಾಲು ಮುರಿಯಿತು.

ನಾನು ಇಳಿದು ಕ್ಯಾಮೆರಾ ಒರೆಸಲು ಹೋದೆ.

"ಪೂಜೆ ಮಾಡಿರೋದು, ಒರೆಸಬ್ಯಾಡ," ಎಂದರು ದೊಡ್ಡಪ್ಪ. "ಆಯಮ್ಮ ಏಕ್‌ದಂ ಬಂದ್ಲು. ನಿನ್ನ ಡಿಬೇಟು ಕಾಲೇಜ್ನಾಗೆ ಇಟ್ಕ."

ಆಕೆ ಅಲ್ಲೇ ನರಳುತ್ತಿದ್ದಳು.

"ಏಕ್‌ದಂ ಬಂದಿದ್ದು ನಿಮಗೆ ಯಾವುದ್ರಾಗೆ ಕಾಣ್ತು, ದೊಡ್ಡಪ್ಪ?"