ಹೊಲದ ವಾಡೆ ಕೇಳಿದ್ದಕ್ಕೆ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅವ್ವ ಗೋಗಿ ಕಡೆಯ ಹೊಲಗಳಲ್ಲಿ ಹತ್ತಿ ಬಿಡಿಸಿ, ತೊಗರಿ ಕೊಯ್ದು ನನ್ನನ್ನು ಓದಿಸಿದಳು. ಬಿ.ಎಡ್. ಮುಗಿಸಿ ಶಹಾಪುರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನೌಕರಿ ಹಿಡಿದೆ. ಅವ್ವನನ್ನು ‘ಏ, ಬಾ ಇಲ್ಲಿ’ ಎಂದು ಕರೆಯುತ್ತಿದ್ದ ಮಂದಿಯೇ ನನಗೆ ‘ಅಕ್ಕೋರ’ ಎನ್ನತೊಡಗಿದರು. ಆದರೂ ಶಹಾಪುರದಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ನೌಕರಿ ಯಾವುದೆಂದು ಕೇಳುವ ಮೊದಲು ಊರಲ್ಲಿ ನಮ್ಮ ಓಣಿ ಯಾವುದೆಂದು ಕೇಳುವವರೇ ಹೆಚ್ಚು. ಓಣಿ ಹೇಳಿದ ಮೇಲೆ ಮನೆ ಖಾಲಿ ಇರುತ್ತಿರಲಿಲ್ಲ. ಅದಕ್ಕೇ ಸ್ವಂತ ಮನೆ ಬೇಕಿತ್ತು.

ಜೊತೆಗೆ ಕೆಲಸ ಮಾಡುವವರೆಲ್ಲ ಪ್ಲಾಟು ನೋಡು ಎಂದರು. ನನ್ನ ಮನಸ್ಸು ಹೊಲದ ವಾಡೆಯ ಮೇಲಿತ್ತು.

ಅದು ನಮ್ಮ ಊರಾಚೆ, ಕಾಲುವೆ ದಾಟಿದ ಮೇಲೆ, ಗೌಡರ ಹೊಲದ ನಡುವೆ ಇದ್ದ ಹಳೆಯ ಮನೆ. ಸುರಪುರದಲ್ಲಿ ಅರಸರಿದ್ದ ಕಾಲದ್ದು ಎನ್ನುತ್ತಿದ್ದರು. ಸುಗ್ಗಿಯಲ್ಲಿ ಗೌಡರ ಹಿರಿಯರು ಅಲ್ಲೇ ಉಳಿದು ರಾಶಿ ಮಾಡಿಸುತ್ತಿದ್ದರಂತೆ. ಕಿಟಕಿಯಲ್ಲಿ ಆಳು ಮಲಗಬಹುದಾದಷ್ಟು ದಪ್ಪ ಕಲ್ಲಿನ ಗೋಡೆ, ತೇಗದ ಕಂಬ, ಮೇಲೆ ಮಣ್ಣಿನ ಮಾಳಿಗೆ. ನಾನು ಕೊಳ್ಳುವ ವಿಚಾರ ಮಾಡುವ ಹೊತ್ತಿಗೆ ಒಂದು ಮೂಲೆ ಕುಸಿದಿತ್ತು. ಅಂಗಳದ ತುಂಬ ಜಾಲಿ ಬೆಳೆದಿತ್ತು. ಕಂಬಗಳಿಗೆ ಯಾರೋ ಆಡು ಕಟ್ಟುತ್ತಿದ್ದರು.

ನಾನು ಸಣ್ಣವಳಿದ್ದಾಗ ಅವ್ವ ಅಲ್ಲಿ ದನದ ಸಗಣಿ ಬಳಿಯಲು ಹೋಗುತ್ತಿದ್ದಳು. ನಮಗೆ ದನದ ಮನೆಯವರೆಗೆ ಮಾತ್ರ ದಾರಿ. ಪಡಸಾಲೆಯ ಕಟ್ಟೆ ಹತ್ತುವಂತಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ಹೊರಗಿನ ನೆಲ ಹಂಚಿನಂತೆ ಕಾದಿರುವಾಗ ಕಟ್ಟೆಯ ಕೆಳಗೆ ನಿಂತರೆ ಒಳಗಿನಿಂದ ತಣ್ಣನೆಯ ಗಾಳಿ ಬಂದು ಮುಖಕ್ಕೆ ತಾಗುತ್ತಿತ್ತು. ಆ ತಂಪಿನಲ್ಲಿ ಒಂದು ದಿನ ಕಾಲು ಚಾಚಿ ಮಲಗಬೇಕು ಎಂಬುದು ಆಗಿನ ಆಸೆ. ಅದರಲ್ಲಿ ಸೇಡು ಇರಲಿಲ್ಲವೇ ಎಂದು ಕೇಳಿದರೆ, ಇತ್ತು. ಇಲ್ಲವೆಂದು ಯಾಕೆ ಹೇಳಲಿ?

ಅವ್ವನಿಗೆ ಹೇಳಿದೆ.

“ತಲಿ ಕೆಟ್ಟೈತೇನ ನಿಂದು? ಮಂದಿ ಆರ್‌ಸಿಸಿ ಮನಿ ಕಟ್ಟಸಾಕತ್ತಾರ, ನೀ ಹೋಗಿ ಗೌಡರ ಹಾಳ ಗೋಡಿ ತಗೋತಿಯೇನ?”

“ರಿಪೇರಿ ಮಾಡಸ್ತೀನಬೇ. ನೀನೂ ಬಂದು ಅಲ್ಲೇ ಇರು.”

“ನಾ ಆ ಪಡಸಾಲ್ಯಾಗ ಕುಂತ್ರ ನನ್ನ ಕೈ ತಾನ ಕಸಬರಿಗಿ ಹುಡಕತೈತಿ. ನೀ ಒಳಗ ಇರು. ನಾ ಹೊರಗ ಬೇವಿನ ಗಿಡದ ಬುಡಕ ಇರ್ತೀನಿ” ಎಂದು ನಕ್ಕಳು. ನಾನು ನಗಲಿಲ್ಲ.

ವಾಡೆ ಆಗ ಹಳೆಯ ಗೌಡರ ಮೊಮ್ಮಗನ ಪಾಲಿಗೆ ಬಂದಿತ್ತು. ಅವನಿಗೆ ಸುರಪುರದಲ್ಲಿ ಬೀಜ-ಗೊಬ್ಬರದ ಅಂಗಡಿ. ಅಲ್ಲಿಗೇ ಹೋದೆ. ಕುರ್ಚಿ ಕೊಟ್ಟ, ಚಹಾ ತರಿಸಿದ. ಅವನಿಗೆ ಸ್ಟೀಲಿನ ಲೋಟ, ನನಗೆ ಕಾಗದದ ಕಪ್ಪು. ನೋಡಿಯೂ ನೋಡದಂತೆ ಕುಡಿದೆ. ಕೆಲಸ ಆಗಬೇಕಿತ್ತು.

“ಹೊಲ ಕೊಡಂಗಿಲ್ರಿ ಮತ್ತ. ಮನಿ, ಸುತ್ತಲ ಅಂಗಳ, ಅಷ್ಟ” ಎಂದ.

“ಅಷ್ಟ ಸಾಕ್ರಿ ಗೌಡ್ರ.”

“ಕಂಬ ನಾ ಬಿಚಗೊಂಡು ಹೋಗ್ತೀನಿ. ಸಾಗವಾನಿ ಅದು.”

“ಬ್ಯಾಡ್ರಿ. ಇದ್ದದ್ದು ಇದ್ದಂಗ ಕೊಡ್ರಿ. ನೆಲದ ಒಂದು ಕಲ್ಲೂ ಎಬ್ಬಸಬ್ಯಾಡ್ರಿ.”

ಅವನು ಲೋಟ ಕೆಳಗಿಟ್ಟು ನನ್ನನ್ನು ನೋಡಿದ. ಕಂಬದ ಸಮೇತ ಕೊಡುತ್ತೇನೆಂದು ಒಪ್ಪಿದ. ಬಸ್ಸಿನಲ್ಲಿ ಬರುವಾಗ ಎಲ್ಲಿ ಒಲೆ, ಎಲ್ಲಿ ಪುಸ್ತಕದ ಕಪಾಟು ಎಂದು ಮನಸ್ಸಿನಲ್ಲೇ ಇಡುತ್ತ ಬಂದೆ.

ಮುಂದಿನ ವಾರ ರಿಪೇರಿಯ ಅಂದಾಜಿಗೆ ಶಹಾಪುರದಿಂದ ಮನೆ ಕಟ್ಟುವ ಗೌಂಡಿಯೊಬ್ಬನನ್ನು ಕರೆದುಕೊಂಡು ಹೋದೆ. ಅವನು ಸುತ್ತಿಗೆಯಿಂದ ಗೋಡೆ ಬಡಿದು, ಕಿವಿ ಹಚ್ಚಿ ಕೇಳಿ, ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂದು ಹೇಳುತ್ತ ಹೋದ. ನಾನು ಟೇಪು ಹಿಡಿದು ಅಳೆದೆ, ಮೊಬೈಲಿನಲ್ಲಿ ಫೋಟೋ ತೆಗೆದೆ. ಹೊಲಕ್ಕೆ ಹೊರಟವರು ಬದುವಿನ ಮೇಲೆ ನಿಂತು ನೋಡಿದರು. ಯಾರೂ ಹತ್ತಿರ ಬರಲಿಲ್ಲ.

ಆಮೇಲೊಂದು ದಿನ ಟಂಟಂ ಆಟೋದಲ್ಲಿ ಶಹಾಪುರಕ್ಕೆ ಹೊರಟಾಗ ಎದುರಿಗೆ ಕುಳಿತಿದ್ದ ಮೆಣಸಿನಕಾಯಿ ಮಾರುವ ಮುದುಕಿ ಕೇಳಿದಳು: “ಅಕ್ಕೋರ, ಕೊಪ್ಪರಿಗಿ ಸಿಕ್ತೇನ್ರಿ?”

“ಯಾವ ಕೊಪ್ಪರಿಗಿ, ಯಮ್ಮಾ?”

“ಬಂಗಾರದ್ದು! ನಮಗ್ಯಾಕ ಮುಚ್ಚತೀರಿ? ಗೋಡಿ ಬಡದು ಬಡದು ನೋಡಿದ್ರಂತ. ಓದಿದವ್ರು ಸುಮ್ಮಸುಮ್ಮಕ ಹಾಳ ವಾಡೇಕ ರೊಕ್ಕ ಹಾಕ್ತಾರೇನು?”

“ಇತಿಹಾಸ ಕಲಸೋರಬೇ ಅವ್ರು” ಎಂದ ಡ್ರೈವರ್. “ಯಾವ ಮೂಲ್ಯಾಗ ಯಾವ ಅರಸ ಏನ ಹುಗದಾನ, ಎಲ್ಲಾ ಗೊತ್ತಿರತೈತಿ.”

ಎಲ್ಲರೂ ನಕ್ಕರು. “ಅಲ್ಲಿ ಹೆಗ್ಗಣ ಬಿಟ್ರ ಏನೂ ಇಲ್ಲ” ಎಂದೆ.

“ನೋಡ್ರಿ, ಹೇಳಂಗಿಲ್ಲ ಅಂತಾರ!”

ನಾನು ಇಲ್ಲವೆಂದಷ್ಟೂ ಇದೆ ಎಂದಾಯಿತು. ನಮ್ಮ ಓಣಿಯ ಹೆಣ್ಣುಮಗಳು ಆ ಮನೆಯನ್ನು ಆ ಮನೆಗಾಗಿಯೇ ಬಯಸಿದ್ದಾಳೆ ಎಂಬುದು ಯಾರಿಗೂ ನಂಬುವ ಮಾತಾಗಿರಲಿಲ್ಲ. ಬಂಗಾರವನ್ನು ನಂಬುವುದು ಸುಲಭವಾಗಿತ್ತು.

ಮಾತು ಸುರಪುರಕ್ಕೂ ಮುಟ್ಟಿತು. ಗೌಡ ಜಾರತೊಡಗಿದ. ಫೋನು ಮಾಡಿದರೆ ಒಮ್ಮೆ ಅಮಾವಾಸ್ಯೆ ಮುಗಿಯಲಿ ಎನ್ನುವನು, ಇನ್ನೊಮ್ಮೆ ತಂಗಿಯ ಸಹಿ ಆಗಬೇಕು ಎನ್ನುವನು. ಕೊನೆಗೆ ಒಂದು ಶನಿವಾರ ಅವ್ವ ಫೋನು ಮಾಡಿದಳು. ಗೌಡ ಮರುದಿನ ವಾಡೆಯ ನೆಲ ಅಗೆಸುವವನಿದ್ದ. ನಮ್ಮ ಓಣಿಯ ಆಳುಗಳನ್ನೇ ಕರೆದಿದ್ದ. ಅವರಲ್ಲಿ ಒಬ್ಬ ನನ್ನ ಜೊತೆ ಊರ ಶಾಲೆಯಲ್ಲಿ ಒಂದೇ ತಟ್ಟಿನ ಮೇಲೆ ಕುಳಿತವನು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ದನ ಕಾಯಲು ಹೋಗಿದ್ದ.

ಭಾನುವಾರ ಬೆಳಿಗ್ಗೆಯೇ ಹೋದೆ. ಗೌಡ ಬೇವಿನ ಗಿಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಪಡಸಾಲೆಯ ಕಲ್ಲುಗಳೆಲ್ಲ ಎದ್ದು ರಾಶಿ ಬಿದ್ದಿದ್ದವು. ಎರಡು ಕಂಬಗಳ ಬುಡವನ್ನೂ ಅಗೆದಿದ್ದರು.

“ಇದೇನ್ರಿ ಗೌಡ್ರ? ನಮ್ಮಿಬ್ಬರ ಮಾತು ಆಗಿತ್ತಲ್ರಿ!”

“ನನ್ನ ಮನಿ ನಾ ಅಗಸ್ತೀನಿ ಅಕ್ಕೋರ. ಜಾಗಾ ಹೇಳ್ರಿ, ಅರ್ಧಾ ಅರ್ಧಾ ಮಾಡ್ಕೊಳ್ಳೋಣು.”

“ಏನೂ ಇಲ್ರಿ ಅಲ್ಲಿ.”

“ಏನೂ ಇಲ್ಲಂದ್ರ ಒಂದು ಕಲ್ಲೂ ಎಬ್ಬಸಬ್ಯಾಡ್ರಿ ಅಂತ ಯಾಕಂದ್ರಿ?”

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಕೂಗು ಬಂತು. ಇಬ್ಬರೂ ಓಡಿದೆವು. ಹಾರೆಯ ಏಟಿಗೆ ಒಂದು ದುಂಡನೆಯ ಕಲ್ಲು ಸರಿದು, ಕೆಳಗೆ ಒಬ್ಬ ಮನುಷ್ಯ ಇಳಿಯುವಷ್ಟು ಕಿಂಡಿ ಕಾಣುತ್ತಿತ್ತು.

ನೋಡಿದ ಕೂಡಲೇ ತಿಳಿಯಿತು. ಅದು ಹಗೇವು. ಜೋಳ ಕೂಡಿಡಲು ನೆಲದೊಳಗೆ ತೋಡುತ್ತಿದ್ದ, ಬಾಯಿ ಸಣ್ಣ ಹೊಟ್ಟೆ ದೊಡ್ಡದಾದ ಕುಣಿ. ಬಾಯಿ ಮುಚ್ಚಿ ಬಹಳ ದಿನವಾದರೆ ಒಳಗಿನ ಗಾಳಿ ಕೆಟ್ಟು ವಿಷವಾಗುತ್ತದೆ. ಹಿಂದಿನವರು ಬಾಯಿ ತೆರೆದು ಒಂದು ದಿನ ಹಾಗೇ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ದೀಪ ಆರದಿದ್ದರಷ್ಟೇ ಆಳು ಇಳಿಸುತ್ತಿದ್ದರು ಎಂದು ಅಜ್ಜ ಹೇಳುತ್ತಿದ್ದ. ಈಗ ಜೋಳ ಚೀಲದಲ್ಲಿ ಗೋದಾಮಿಗೆ ಹೋಗುತ್ತದೆ. ಅಲ್ಲಿ ನಿಂತವರು ಯಾರೂ ಹಗೇವಿನ ಬಾಯಿ ಕಂಡವರಲ್ಲ.

“ಇಳೀಬ್ಯಾಡ್ರಿ!” ಎಂದು ಚೀರಿದೆ. “ಹಗೇವು ಅದು. ಗಾಳಿ ಕೆಟ್ಟಿರತೈತಿ. ನಾಳೆ ತನಕಾ ತೆರದು ಬಿಡ್ರಿ, ಕಂದೀಲ ಇಳಸಿ ನೋಡ್ರಿ, ಆಮ್ಯಾಲ ಇಳೀರಿ.”

ಗೌಡನ ಮುಖದಲ್ಲಿ ನಗು ಮೂಡಿತು. “ನಾಳೆ ತನಕಾ? ರಾತ್ರಿ ಯಾರ ಬರಾವ್ರು ಅಕ್ಕೋರ, ನೀವೋ, ನಿಮ್ಮ ಗೌಂಡಿನೋ?”

ಆಳುಗಳೂ ನಕ್ಕರು. ನನ್ನ ಜೊತೆ ಓದಿದವನು ಆಗಲೇ ಅಂಗಿ ಬಿಚ್ಚಿದ್ದ. ಅವನ ರಟ್ಟೆ ಹಿಡಿದುಕೊಂಡೆ.

“ನನ್ನ ಮಾತು ಕೇಳೋ. ಜೀವ ಹೋಗತೈತಿ.”

“ಯಕ್ಕಾ, ನೀ ಓದಿ ಮ್ಯಾಲ ಹೋದಿ. ನಾ ಒಂದೀಟು ಕೆಳಗ ಹೋಗಿ ನೋಡ್ತೀನಿ ಬಿಡ” ಎಂದು ಕೈ ಬಿಡಿಸಿಕೊಂಡ.

ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳಲಿಲ್ಲ. ಕೈಯಲ್ಲಿ ಹಿಡಿದು ಇಳಿದ. ಒಬ್ಬ ಮೇಲಿನಿಂದ ಮೊಬೈಲಿನ ಬೆಳಕು ಹಿಡಿದ. “ಕರ್ರಗ ಏನೋ ಐತ್ರಿ” ಎಂದು ದನಿ ಬಂತು. ಆಮೇಲೆ ಬರಲಿಲ್ಲ. ಹಗ್ಗ ಸಡಿಲಾಯಿತು. ಇನ್ನೊಬ್ಬ ಅವನ ಹಿಂದೆಯೇ ಇಳಿಯಲು ಹೋದ. ನಾನು, ಮತ್ತೊಬ್ಬ ಆಳು ಸೇರಿ ಅವನನ್ನು ನೆಲಕ್ಕೆ ಕೆಡವಿ ಹಿಡಿದೆವು. ಬಾವಿಯಿಂದ ಕೊಡ ತೆಗೆಯುವ ಕೊಕ್ಕೆ ತರಿಸಿ, ಧೋತರಕ್ಕೆ ಸಿಕ್ಕಿಸಿ ಎಳೆದರು. ಬಾಯಿ, ಕಣ್ಣು, ಮುಷ್ಟಿ, ಎಲ್ಲದರಲ್ಲೂ ಕಪ್ಪಾಗಿ ಮುಗ್ಗಿದ ಜೋಳ. ಶಹಾಪುರದ ದವಾಖಾನೆಗೆ ಒಯ್ದೆವು. ಡಾಕ್ಟರು ಮುಟ್ಟಿ ನೋಡಿ, ಜೀವ ಹೋಗಿದೆ ಎಂದರು.

ಪೊಲೀಸರ ಮುಂದೆ ಗೌಡ ‘ಮನಿ ರಿಪೇರಿ ನಡದಿತ್ತು’ ಎಂದು ಹೇಳಿದ. ನಾನು ಕಣ್ಣಾರೆ ಕಂಡದ್ದನ್ನು ಹೇಳಿದೆ. ಕೇಸು ಇನ್ನೂ ನಡೆದಿದೆ.

ಓಣಿಯಲ್ಲಿ ನನ್ನೆದುರು ಯಾರೂ ಏನೂ ಅನ್ನಲಿಲ್ಲ. ಬೆನ್ನ ಹಿಂದೆ ಆಡಿದ್ದು ಅವ್ವನ ಕಿವಿಗೆ ಬಿತ್ತು: ‘ಆಕಿ ಆ ವಾಡೆ ಕೇಳಲಿಲ್ಲಂದ್ರ ಅವ ಸಾಯ್ತಿದ್ದಿಲ್ಲ.’ ಸತ್ತವನ ಹೆಂಡತಿಯ ಬಳಿ ಹೋಗಿ ಕುಳಿತೆ. ಸುತ್ತ ಇದ್ದ ಹೆಂಗಸರು ಎದ್ದು ಹೋಗುವವರೆಗೂ ಅವಳು ತಲೆ ಎತ್ತಲಿಲ್ಲ. ಆಮೇಲೆ ಹತ್ತಿರ ಸರಿದು ಮೆಲ್ಲಗೆ ಕೇಳಿದಳು.

“ಯಕ್ಕಾ, ಖರೇ ಹೇಳು. ಅಲ್ಲಿ ಏನಿತ್ತು?”

“ಜೋಳ ಇತ್ತವ್ವಾ. ಕೆಟ್ಟ ಜೋಳ.”

“ಅದರ ಕೆಳಗ?”

ಹೋದಾಗಲೆಲ್ಲ ಅದನ್ನೇ ಕೇಳಿದಳು. ಗಂಡ ಸುಮ್ಮನೆ ಸತ್ತ ಎಂಬುದನ್ನು ಒಪ್ಪುವುದಕ್ಕಿಂತ, ಇರುವುದನ್ನು ನಾನು ಬಚ್ಚಿಟ್ಟಿದ್ದೇನೆ ಎಂದುಕೊಳ್ಳುವುದು ಅವಳಿಗೆ ಹಗುರವಾಗಿತ್ತೋ ಏನೋ.

ಮಳೆಗಾಲ ಮುಗಿದ ಮೇಲೆ ಗೌಡ ತಾನಾಗಿಯೇ ಫೋನು ಮಾಡಿದ.

“ಅಕ್ಕೋರ, ಹಗೇವಿನ ತಳದ ತನಕಾ ಗಳಾ ಚುಚ್ಚಿಸಿ ನೋಡಿದೆ. ಏನೂ ಇಲ್ಲಂತ ಈಗ ಖಾತ್ರಿ ಆತು. ನೀವು ಖರೇನ ಹೇಳಿದ್ರಿ. ತಗೋರಿ ವಾಡೆ, ನೀವು ಕೊಟ್ಟಷ್ಟು ಕೊಡ್ರಿ. ಬ್ಯಾರೆ ಯಾರೂ ಕೇಳವಲ್ರು.”

ಅವ್ವನಿಗೆ ಹೇಳಿದಾಗ, “ತಗೊಂಡ್ರೂ ಅಂತಾರ, ಬಿಟ್ರೂ ಅಂತಾರ. ನಿನ್ನ ಮನಸ್ಸಿನ್ಯಾಗ ಇದ್ರ ತಗೋ” ಎಂದಳು. ಮನಸ್ಸಿನಲ್ಲಿ ಇತ್ತು. ಒಬ್ಬ ಮನುಷ್ಯ ಸತ್ತ ಮೇಲೂ ಇತ್ತು. ಎದ್ದ ಕಲ್ಲು ಮತ್ತೆ ಕೂರಿಸಬಹುದು, ಮಾಳಿಗೆ ಹೊಸದಾಗಿ ಹಾಕಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಆದರೆ ನಾನು ಆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಇದ್ದರೆ, ಓಣಿಯಲ್ಲಿ ಅವನ ಹೆಂಡತಿ ಬದುಕಿರುವಷ್ಟು ದಿನವೂ ನೆಲದ ಕೆಳಗೆ ಏನಿದೆ ಎಂದೇ ಯೋಚಿಸುತ್ತಾಳೆ.

“ಬ್ಯಾಡ್ರಿ ಗೌಡ್ರ” ಎಂದೆ.

“ಹಂಗಾರ ಕೆಡವಿ ಕಲ್ಲು ಮಾರತೀನ್ರಿ.”

“ಮಾರ್ರಿ. ಪಾಯದ ತನಕಾ ತೆಗಸ್ರಿ. ಓಣಿ ಮಂದಿ ಬಂದು ನೋಡ್ತಾರ, ಯಾರೂ ತಡೀಬ್ಯಾಡ್ರಿ.”

ಕೆಡವುವ ದಿನ ಅವಳು ಬೆಳಿಗ್ಗೆಯೇ ಬಂದು ಬದುವಿನ ಮೇಲೆ ಕುಳಿತಿದ್ದಳು. ಶಾಲೆಗೆ ರಜೆ ಹಾಕಿ ನಾನೂ ಹೋಗಿ ಪಕ್ಕದಲ್ಲಿ ಕುಳಿತೆ. ಮಾಳಿಗೆಯ ಮಣ್ಣು ಬಿದ್ದಾಗ ಧೂಳು ನಮ್ಮ ತನಕ ಬಂತು. ಸೆರಗು ಮುಖಕ್ಕೆ ಹಿಡಿದುಕೊಂಡರೂ ಅವಳು ಕಣ್ಣು ತೆಗೆಯಲಿಲ್ಲ. ಜೆಸಿಬಿ ಹಗೇವನ್ನು ಒಡೆದು ಜೋಳವನ್ನೆಲ್ಲ ಅಂಗಳಕ್ಕೆ ಸುರಿಯಿತು. ಅವಳು ಇಳಿದು ಹೋಗಿ ಕೈ ಹಾಕಿ ಕೆದರಿ ನೋಡಿದಳು. ಟ್ರ್ಯಾಕ್ಟರುಗಳು ಕಲ್ಲು ತುಂಬಿಕೊಂಡು ಹೋಗುತ್ತಲೇ ಇದ್ದವು. ಸಂಜೆ ಪಾಯದ ಕಲ್ಲುಗಳೂ ಎದ್ದವು. ಕೆಳಗೆ ಸುತ್ತಲಿನ ಹೊಲದಲ್ಲಿ ಇರುವಂಥದೇ ಎರೆಮಣ್ಣು.

ಅವಳು ಅಂಚಿಗೆ ನಿಂತು ಬಹಳ ಹೊತ್ತು ಇಣುಕಿದಳು.

“ಖರೇನ ಏನೂ ಇದ್ದಿದ್ದಿಲ್ಲಲ್ಲ, ಯಕ್ಕಾ.”

“ಇದ್ದಿದ್ದಿಲ್ಲವ್ವಾ.”

ಅಲ್ಲೇ ಮಣ್ಣಿನ ಮೇಲೆ ಕುಳಿತು, ಅವನು ಸತ್ತ ದಿನವೂ ಅಳದಷ್ಟು ಅತ್ತಳು. ಎಬ್ಬಿಸಲು ಹೋದೆ. ನನ್ನ ಕೈಯನ್ನು ದೂರ ತಳ್ಳಿದಳು.