ಪತಂಗಕ್ಕೆ ಕಟ್ಟಿದ ಬಿಳಿ ಚಾದರ

ಗೆಳೆಯರೇ, ಇವತ್ತು ಹಲಬರ್ಗಾದ ನಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ.

ಮಳೆ ನಿಂತು ಸೆಕೆ ಏರಿದರೆ ಪತಂಗಗಳು ಚೆನ್ನಾಗಿ ಬರುತ್ತವೆ. ಕತ್ತಲಾದೊಡನೆ ಅಂಗಳದ ಬೇವಿಗೆ ಬಿಳಿ ಚಾದರ ಕಟ್ಟಿ, ಮುಂದೆ ಬಲ್ಬು ಹಚ್ಚಿ, ಮನೆಮಂದಿಯೆಲ್ಲ ಸದ್ದಿಲ್ಲದೆ ಕೂತಿದ್ದೆವು. ಹಿಂದಿನ ಓಣಿಯ ಕಾಶಮ್ಮ ರೊಟ್ಟಿಯ ಬುಟ್ಟಿ ಹಿಡಿದು ಓಡಿಬಂದಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ರೊಟ್ಟಿ ತರಬೇಕು.

"ಯಾರು ಹೋದ್ರಿ? ಮುತ್ಯಾನ?"

ಮುತ್ಯಾ, ಅಂದರೆ ನಮ್ಮಜ್ಜ, ಮೂಲೆಯಿಂದ ಕೆಮ್ಮಿದ. "ನಾ ಇನ್ನೂ ಇದ್ದೇನಿ ಬಾ. ಹುಳ ನೋಡ್ಲಿಕತ್ತೇವಿ."

ನಾವೆಲ್ಲ ನಕ್ಕೆವು. ಕಾಶಮ್ಮ ನಗಲಿಲ್ಲ. ಬುಟ್ಟಿ ಇಳಿಸಿ ಕಟ್ಟೆಯ ಮೇಲೆ ಕೂತಳು.

"ಕೊರೊನಾದಾಗ ನಮ್ಮ ಮನಿಯವರು ಹೋದಾಗ ಯಾರೂ ಒಂದು ರೊಟ್ಟಿ ತರ್ಲಿಲ್ರಿ. ಅಂಜಿದ್ರು, ತಪ್ಪಲ್ಲ ಬಿಡ್ರಿ. ಅದಕ್ಕೇ ಬಿಳಿ ಅರಿವಿ, ದೀಪ, ಸುಮ್ನ ಕುಂತ ಮಂದಿ ಕಂಡ್ರ ಓಡಿ ಬರ್ತೇನಿ."

ಅವ್ವ ತಾಟು ತಂದು, ಅದೇ ಬುಟ್ಟಿಯ ರೊಟ್ಟಿ ಮುರಿದು ಅವಳ ಮುಂದಿಟ್ಟಳು. "ಉಣ್ಣು ಕಾಶಮ್ಮ."

ಅವಳು ಉಂಡಳು. ಚಾದರದ ತುಂಬ ಪತಂಗ ಕೂತಿದ್ದವು, ಯಾರೂ ನೋಡಲಿಲ್ಲ. ಅವಳ ಮನೆಯ ಸಾವಿನ ರೊಟ್ಟಿ ಇವತ್ತು ಬಂತು. ಅದನ್ನೂ ಪಾಪ, ಅವಳೇ ಬಡಿದು ತರಬೇಕಾಯಿತು.